ಕುದುರೆಮುಖ ಗಣಿ: ಆ ಕಲ್ಲಿನಲ್ಲಿ ನಿಜಕ್ಕೂ ಏನಿತ್ತು?

ಬೆಣಚುಕಲ್ಲು:
ಕುದುರೆಮುಖದ ವಿಷಯ ಎತ್ತಿದರೆ ಚರ್ಚೆ ಒಂದೋ ಕಾಡಿನ ಕಡೆಗೆ ಹೋಗುತ್ತದೆ, ಇಲ್ಲವೇ ಕೆಲಸ ಕಳೆದುಕೊಂಡವರ ಕಡೆಗೆ. ಎರಡೂ ಮುಖ್ಯವೇ. ಆದರೆ ಅದಿರು ಎಂಥದ್ದು ಎಂದು ಗೊತ್ತಿಲ್ಲದೆ ಮಿಕ್ಕಿದ್ದು ಅರ್ಥವಾಗುವುದಿಲ್ಲ. ಅಲ್ಲಿ ಅಣೆಕಟ್ಟು ಯಾಕೆ ಬೇಕಾಯಿತು, ಲಾರಿ ಬಿಟ್ಟು ಪೈಪಿನಲ್ಲಿ ಯಾಕೆ ಕಳಿಸಿದರು, ಗಣಿ ಮುಚ್ಚುವ ಹೊತ್ತಿಗೆ "ಸವೆದ ಅದಿರು (ಮಳೆಗೆ ಸಿಕ್ಕಿ ಪೊಳ್ಳಾದ ಮೇಲಿನ ಕಲ್ಲು), ಮೂಲ ಅದಿರು (ಕೆಳಗಿನ ಗಟ್ಟಿ ಕಲ್ಲು)" ಎಂಬ ವಾದ ಯಾಕೆ ಹುಟ್ಟಿತು, ಎಲ್ಲದರ ಬುಡ ಒಂದೇ: ಅದು ಬಡ ಅದಿರು, ಕಬ್ಬಿಣಾಂಶ ಕಡಿಮೆ.

ಮೊದಲು ಇತಿಹಾಸ, ಚಿಕ್ಕದಾಗಿ. ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ 1913ರಲ್ಲಿ ಈ ನಿಕ್ಷೇಪವನ್ನು ಗುರುತಿಸಿದರು. ಆಮೇಲೆ ಅರ್ಧ ಶತಮಾನ ಯಾರೂ ಮುಟ್ಟಲಿಲ್ಲ. 1960ರ ದಶಕದಲ್ಲಿ ಎನ್‌ಎಂಡಿಸಿ (ಕೇಂದ್ರ ಸರ್ಕಾರದ ಗಣಿ ಕಂಪನಿ) ಪರಿಶೋಧನೆ ನಡೆಸಿತು, 1969ರಲ್ಲಿ 30 ವರ್ಷದ ಗುತ್ತಿಗೆ ಆಯಿತು. 1975ರ ನವೆಂಬರ್‌ನಲ್ಲಿ ಇರಾನ್ ಜೊತೆ ಒಪ್ಪಂದ: 63 ಕೋಟಿ ಡಾಲರ್ ಸಾಲ, ಬದಲಿಗೆ 21 ವರ್ಷದಲ್ಲಿ 15 ಕೋಟಿ ಟನ್ ಕಾನ್ಸಂಟ್ರೇಟ್ (ಬೆಣಚು ತೆಗೆದು ಕಬ್ಬಿಣಾಂಶ ಹೆಚ್ಚಿಸಿದ ಅದಿರುಹಿಟ್ಟು). 1976ರ ಏಪ್ರಿಲ್‌ನಲ್ಲಿ ಗಣಿ ನಡೆಸುವ ಸರ್ಕಾರಿ ಕಂಪನಿ ಕೆಐಒಸಿಎಲ್ (ಕುದುರೆಮುಖ ಕಬ್ಬಿಣದ ಅದಿರು ಕಂಪನಿ) ಹುಟ್ಟಿತು. ಇರಾನಿನಲ್ಲಿ ಕ್ರಾಂತಿಯಾಗಿ ಸಾಲದ ಹಣ ಅರ್ಧಕ್ಕೂ ಮೊದಲೇ ನಿಂತಿತು, ಮಿಕ್ಕಿದ್ದನ್ನು ಭಾರತ ಸರ್ಕಾರವೇ ಹಾಕಿ 1980ರಲ್ಲಿ ಘಟಕ ಮುಗಿಸಿತು. ಸಿದ್ಧವಾದ ಗಣಿಗೆ ಕೊಳ್ಳುವವನಿಲ್ಲ! 1987ರಲ್ಲಿ ಮಂಗಳೂರಿನಲ್ಲಿ ಪೆಲೆಟ್ (ಅದಿರುಹಿಟ್ಟಿನ ಸುಟ್ಟ ಉಂಡೆ) ಘಟಕ ಬರುವ ತನಕ ಪರದಾಟ ತಪ್ಪಲಿಲ್ಲ.

ಅದಿರಿನ ವಿಷಯ ಬಲ್ಲವರು ಮುಂದುವರಿಸಿ.

ಅದಿರುಪುಡಿ:
1913ರಿಂದ 1960ರ ದಶಕದ ತನಕ ಯಾಕೆ ಮುಟ್ಟಲಿಲ್ಲ ಎಂಬುದನ್ನೂ ಸೇರಿಸಬೇಕು. ಭದ್ರಾವತಿ ಕಾರ್ಖಾನೆ 1923ರ ಜನವರಿಯಲ್ಲಿ ಕುಲುಮೆ ಹೊತ್ತಿಸಿದಾಗ ಕುದುರೆಮುಖದ ನಿಕ್ಷೇಪ ಗೊತ್ತಿತ್ತು. ಆದರೂ ಅದಿರು ಬಂದದ್ದು ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಿಂದ. ಅಲ್ಲಿನದು ಹೆಮಟೈಟ್, ಗೋಥೈಟ್ ಎಂಬ ಕಬ್ಬಿಣದ ಖನಿಜಗಳು ಬೆರೆತ ಗಟ್ಟಿ ಅದಿರು. ಅಗೆದು, ಒಡೆದು, ನೇರ ಕುಲುಮೆಗೆ ಹಾಕಬಹುದು. ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿಸಿದರೆ ಅರ್ಧ ಕೆಲಸ ಮುಗಿದಂತೆ. ಹೆಸರೇ ಹೇಳುತ್ತದಲ್ಲ, ಕೆಮ್ಮಣ್ಣಿನ ಗುಂಡಿ.

ಕುದುರೆಮುಖದ್ದು ಹಾಗಲ್ಲ. ಅದು ಮ್ಯಾಗ್ನೆಟೈಟ್ ಕ್ವಾರ್ಟ್‌ಜೈಟ್. ಕಪ್ಪು ಪಟ್ಟಿ, ಬಿಳಿ ಪಟ್ಟಿ, ಮತ್ತೆ ಕಪ್ಪು ಪಟ್ಟಿ. ಕಪ್ಪು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ, ಬಿಳಿ ಬೆಣಚು. 260 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತದ್ದು, ಆಮೇಲೆ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಮತ್ತೆ ಹರಳುಗಟ್ಟಿದ್ದು. ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು. ಗಣಿ ಮಾಡಿದ ಸವೆದ ಅದಿರಿನಲ್ಲಿ ಕಬ್ಬಿಣಾಂಶ ಸುಮಾರು 38 ಶೇಕಡಾ ಮಾತ್ರ. ಬಳ್ಳಾರಿ-ಹೊಸಪೇಟೆ ಕಡೆಯ 60 ದಾಟಿದ ಅದಿರಿಗೆ ಹೋಲಿಸಿ ನೋಡಿ. ಇದನ್ನು ಹಾಗೇ ಕುಲುಮೆಗೆ ಹಾಕಿದರೆ ಕಬ್ಬಿಣಕ್ಕಿಂತ ಕಿಟ್ಟವೇ ಹೆಚ್ಚು ಬರುತ್ತದೆ.

ಹಾಗಾಗಿ ಪುಡಿ ಮಾಡಲೇಬೇಕು, ಬೆಣಚನ್ನು ಬೇರೆ ಮಾಡಲೇಬೇಕು. ಅಷ್ಟು ದೊಡ್ಡ ಪ್ರಮಾಣದಲ್ಲಿ ಅದನ್ನು ಮಾಡಲು 1920ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ತೂ ಇರಲಿಲ್ಲ, ಯಂತ್ರವೂ ಇರಲಿಲ್ಲ.

ಸೋಮನಕಾಡು:
ಮ್ಯಾಗ್ನೆಟೈಟ್ ಅಂದರೆ ಅಯಸ್ಕಾಂತಕ್ಕೆ ಅಂಟುತ್ತದೆ. ಡ್ರಮ್ ತಿರುಗಿಸಿದರೆ ಕಬ್ಬಿಣ ಅಂಟಿಕೊಂಡು ಬರುತ್ತದೆ, ಬೆಣಚು ನೀರಲ್ಲಿ ಹೋಗುತ್ತದೆ. ಇದರಲ್ಲಿ ಕಷ್ಟ ಏನು?

ಅದಿರುಪುಡಿ:
ಕಷ್ಟ ಮಳೆಯದು, ಸೋಮನಕಾಡು ಅವರೇ. ಅಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ. ಲಕ್ಷಾಂತರ ವರ್ಷ ಆ ನೀರು ಬಂಡೆಯೊಳಗೆ ಇಳಿದು ಎರಡು ಕೆಲಸ ಮಾಡಿದೆ. ಬೆಣಚಿನ ಕಾಳುಗಳ ನಡುವಿನ ಬೆಸುಗೆಯನ್ನು ಕರಗಿಸಿ ಕಲ್ಲನ್ನು ಪೊಳ್ಳು ಮಾಡಿದೆ. ಕೆಲವು ಕಡೆ ಕೈಯಲ್ಲೇ ಉದುರುವಷ್ಟು. ಇದು ಗಣಿಗೆ ಲಾಭ, ಸ್ಫೋಟಕವೂ ಕಡಿಮೆ, ಅರೆಯುವ ಖರ್ಚೂ ಕಡಿಮೆ. ಎರಡನೆಯದು ನಷ್ಟದ ಬಾಬತ್ತು: ಮ್ಯಾಗ್ನೆಟೈಟ್ ಆಮ್ಲಜನಕ ಹೀರಿ ಹೆಮಟೈಟ್ ಆಗಿದೆ. ಹೊರಗಿನ ಆಕಾರ ಮ್ಯಾಗ್ನೆಟೈಟಿನದೇ, ಎಂಟು ಮುಖದ ಹರಳು. ಒಳಗಿನ ಸರಕು ಹೆಮಟೈಟ್. ಇದಕ್ಕೆ ಮಾರ್ಟೈಟ್ ಎನ್ನುತ್ತಾರೆ. ಮಾರ್ಟೈಟ್ ಸಾಧಾರಣ ಡ್ರಮ್ಮಿನ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಬೆಣಚಿನ ಜೊತೆಯೇ ಹೊರಗೆ ಹೋಗುತ್ತದೆ.

ಅದಕ್ಕೇ ಅಲ್ಲಿ ಬರೀ ಅಯಸ್ಕಾಂತದ ಘಟಕ ಸಾಲಲಿಲ್ಲ. ಅಯಸ್ಕಾಂತ ಬಿಟ್ಟದ್ದನ್ನು ಸ್ಪೈರಲ್‌ಗಳಿಗೆ ಹಾಕಬೇಕಾಯಿತು. ಸುರುಳಿ ಜಾರುಬಂಡೆಯಂಥ ತೊಟ್ಟಿ. ಸ್ಲರಿ (ಪುಡಿ ಅದಿರು ಬೆರೆತ ನೀರು) ಸುತ್ತಿಕೊಂಡು ಇಳಿಯುವಾಗ ಭಾರದ ಹೆಮಟೈಟ್ ಒಳ ಅಂಚಿಗೆ, ಹಗುರ ಬೆಣಚು ಹೊರ ಅಂಚಿಗೆ. ಸುಮಾರು 45 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿ.ಮೀ.ಯ ಸಾವಿರದ ಒಂದು ಪಾಲು) ನುಣ್ಣಗಿನ ಕಾಳು ಬಂದರೆ ಸ್ಪೈರಲ್‌ಗೂ ಕೈಲಾಗುವುದಿಲ್ಲ. ಆ ಗಾತ್ರದಲ್ಲಿ ಕಾಳಿನ ತೂಕಕ್ಕಿಂತ ನೀರಿನ ಎಳೆತವೇ ಜೋರು, ಭಾರದ್ದೂ ಹಗುರದ್ದೂ ಒಟ್ಟಿಗೇ ತೇಲಿ ಹೋಗುತ್ತವೆ.

ತಕ್ಕಡಿ:
ಎಷ್ಟು ಹೋಯಿತು ಎಂದು ಲೆಕ್ಕ ಹಾಕಬಹುದು. ಘಟಕದ ವಿನ್ಯಾಸದ ಅಂಕಿಗಳು: ವರ್ಷಕ್ಕೆ 2.26 ಕೋಟಿ ಟನ್ ಅದಿರು ಒಳಗೆ, 75 ಲಕ್ಷ ಟನ್ ಕಾನ್ಸಂಟ್ರೇಟ್ ಹೊರಗೆ. ಅದಿರು 38 ಶೇಕಡಾ, ಕಾನ್ಸಂಟ್ರೇಟ್ 67 ಶೇಕಡಾ ಎಂದು ಇಟ್ಟುಕೊಳ್ಳಿ.

ಒಳಗೆ ಹೋದ ಕಬ್ಬಿಣ: 2.26 ಕೋಟಿಯ 38 ಶೇಕಡಾ, ಅಂದರೆ ಸುಮಾರು 86 ಲಕ್ಷ ಟನ್.
ಹೊರಬಂದದ್ದು: 75 ಲಕ್ಷದ 67 ಶೇಕಡಾ, ಸುಮಾರು 50 ಲಕ್ಷ ಟನ್.
ಉಳಿದ 36 ಲಕ್ಷ ಟನ್ ಕಬ್ಬಿಣ 1.51 ಕೋಟಿ ಟನ್ ಹೂಳಿನ (ಕಾನ್ಸಂಟ್ರೇಟ್ ತೆಗೆದ ಮೇಲೆ ಉಳಿದ ಪುಡಿಯ) ಜೊತೆ ಹೋಯಿತು. ಹೂಳಿನ ಕಬ್ಬಿಣಾಂಶ ಹತ್ತಿರ ಹತ್ತಿರ 24 ಶೇಕಡಾ.

ಅಂದರೆ ಅದಿರಿನಲ್ಲಿದ್ದ ಕಬ್ಬಿಣದಲ್ಲಿ ಐದರಲ್ಲಿ ಮೂರು ಪಾಲೂ ಕೈಗೆ ಬಂದಿಲ್ಲ. ಮತ್ತೆ ಮೂರು ಟನ್ ಅಗೆದರೆ ಎರಡು ಟನ್ ಹೂಳು. ಅದನ್ನು ಎಲ್ಲಾದರೂ ಇಡಬೇಕಲ್ಲ? ಲಕ್ಯಾ ಹೊಳೆಗೆ ಅಡ್ಡಲಾಗಿ 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಎದ್ದದ್ದು ಅದಕ್ಕೇ. ಪ್ರವಾಸಿಗರು ಕೆರೆ ಎಂದು ಫೋಟೋ ತೆಗೆಯುತ್ತಾರೆ, ನೀರಿನ ಕೆಳಗಿರುವುದು ಅರೆದ ಗುಡ್ಡ.

ಸೋಮನಕಾಡು:
24 ಶೇಕಡಾ ಅಂದರೆ ಕಡಿಮೆಯೇನಲ್ಲ. ಆ ಹೂಳನ್ನೇ ಮತ್ತೆ ಶೋಧಿಸಬಹುದಲ್ಲ? ಅರೆಯುವ ಖರ್ಚು ಆಗಲೇ ಆಗಿಹೋಗಿದೆ.

ತಕ್ಕಡಿ:
ಕೇಳಲು ಸಲೀಸು. ಆ 24ರಲ್ಲಿ ಮ್ಯಾಗ್ನೆಟೈಟ್ ಬಹಳ ಇಲ್ಲ, ಅದನ್ನು ಆಗಲೇ ತೆಗೆದಿದ್ದಾರೆ. ಉಳಿದದ್ದು ಎರಡು ಬಗೆ. ಒಂದು, ಸ್ಪೈರಲ್ ಹಿಡಿಯಲಾಗದ ನುಣ್ಣನೆಯ ಹೆಮಟೈಟ್, ಗೋಥೈಟ್. ಇನ್ನೊಂದು, ಬೆಣಚಿನ ಜೊತೆ ಇನ್ನೂ ಅಂಟಿಕೊಂಡೇ ಇರುವ ಕಾಳು. ಅದನ್ನು ಮತ್ತೆ ಅರೆಯದೆ ಬಿಡಿಸಲಾಗದು. ಮೊದಲನೆಯದಕ್ಕೆ ತೀವ್ರ ಕ್ಷೇತ್ರದ ಅಯಸ್ಕಾಂತ ಯಂತ್ರವೋ ಫ್ಲೋಟೇಶನ್ನೋ (ನೊರೆಯಲ್ಲಿ ತೇಲಿಸಿ ಬೇರೆ ಮಾಡುವುದು) ಬೇಕು, ಎರಡನೆಯದಕ್ಕೆ ವಿದ್ಯುತ್ತು.

ಅರೆಯುವ ಖರ್ಚು ಹೇಗೆ ಏರುತ್ತದೆ ನೋಡಿ. ಅರೆಯಲು ಬೇಕಾದ ವಿದ್ಯುತ್ತನ್ನು ಲೆಕ್ಕ ಹಾಕುವ ಬಾಂಡ್ ಸೂತ್ರದ ಪ್ರಕಾರ, ಕೆಲಸದ ಸೂಚ್ಯಂಕ (ಕಲ್ಲು ಅರೆಯಲು ಎಷ್ಟು ಕಷ್ಟ ಎಂಬ ಅಳತೆ) 12 ಇರುವ ಯಾವುದೇ ಕಲ್ಲನ್ನು 10 ಮಿ.ಮೀ.ಯಿಂದ 150 ಮೈಕ್ರಾನಿಗೆ ಇಳಿಸಲು ಟನ್ನಿಗೆ ಸುಮಾರು 8.6 ಯೂನಿಟ್ ವಿದ್ಯುತ್ ಬೇಕು. ಅದನ್ನೇ 75 ಮೈಕ್ರಾನಿಗೆ ಇಳಿಸಲು 12.7 ಯೂನಿಟ್. ಗಾತ್ರ ಅರ್ಧವಾದರೆ ಖರ್ಚು ಅರ್ಧದಷ್ಟು ಹೆಚ್ಚು. ಇದು ಉದಾಹರಣೆಗೆ ಹಿಡಿದ ಸೂಚ್ಯಂಕ, ಕುದುರೆಮುಖದ ಅಳತೆಯಲ್ಲ; ಏರುವ ರೀತಿ ಮಾತ್ರ ಎಲ್ಲೆಡೆ ಹೀಗೇ.

ಇದೆಲ್ಲ ತಾಂತ್ರಿಕ ಮಾತು. ಹೂಳಿನ ಮೇಲ್ಮೈಯನ್ನು ನೀರು ಚಿಮ್ಮಿಸಿ ಕೆದಕಿದರೆ ಅಣೆಕಟ್ಟಿನ ಒಳಗಿನ ನೀರಿನ ಮಟ್ಟವೇ ಬದಲಾಗುತ್ತದೆ. ಅದೂ ರಾಷ್ಟ್ರೀಯ ಉದ್ಯಾನದ ನಡುವೆ.

ಹಳ್ಳದದಂಡೆ:
ಅಣೆಕಟ್ಟಿನ ವಿಷಯ ಬಂದದ್ದಕ್ಕೆ ಇದನ್ನು ಬಿಡಿಸಿ ಹೇಳಬೇಕು. ನೀರಿನ ಅಣೆಕಟ್ಟಿಗೂ ಹೂಳಿನ ಅಣೆಕಟ್ಟಿಗೂ ಇರುವ ವ್ಯತ್ಯಾಸ ಬಹಳ ಜನರಿಗೆ ತಿಳಿದಿಲ್ಲ. ನೀರಿನದು ಬೇಡವಾದರೆ ಖಾಲಿ ಮಾಡಿ ಬಿಡಬಹುದು. ಹೂಳಿನದನ್ನು ಖಾಲಿ ಮಾಡಲಾಗದು. ಗಣಿ ನಿಂತರೂ ಅದರ ಚಾಕರಿ ನಿಲ್ಲುವುದಿಲ್ಲ.

ನೋಡಿಕೊಳ್ಳಬೇಕಾದದ್ದು ಮುಖ್ಯವಾಗಿ ಮೂರು. ಒಂದು ಕೋಡಿ. ಮುಂಗಾರಿನಲ್ಲಿ ಒಂದೇ ದಿನ 200-300 ಮಿ.ಮೀ. ಸುರಿದಾಗ ಕೋಡಿಗೆ ಮರದ ದಿಮ್ಮಿಯೋ ಕುಸಿದ ಮಣ್ಣೋ ಅಡ್ಡ ಬಂದರೆ ನೀರು ಮಣ್ಣಿನ ಕಟ್ಟೆಯ ಮೇಲೇ ಹರಿಯುತ್ತದೆ. ಮಣ್ಣಿನ ಕಟ್ಟೆ ಅದನ್ನು ಗಂಟೆಗಳ ಮಟ್ಟಿಗೂ ತಡೆಯಲಾರದು. ಎರಡು, ಕಟ್ಟೆಯೊಳಗೆ ಜಿನುಗುವ ನೀರಿನ ಮಟ್ಟ. ಇದನ್ನು ಪೀಜೋಮೀಟರ್ ಎಂಬ ಕೊಳವೆಗಳಲ್ಲಿ ಅಳೆಯುತ್ತಾರೆ. ತಳದ ಚರಂಡಿಯ ಜಲ್ಲಿ ಕಟ್ಟಿಕೊಂಡರೆ ಮಟ್ಟ ಮೇಲೇರುತ್ತದೆ, ಕಟ್ಟೆಯ ಹಿಂಬದಿ ತೇವಗೊಂಡು ಜಾರತೊಡಗುತ್ತದೆ. ಮೂರು, ಜಿನುಗುವ ನೀರಿನ ಬಣ್ಣ. ತಿಳಿಯಾಗಿ ಜಿನುಗಿದರೆ ಅಂಥ ಭಯವಿಲ್ಲ. ಮಣ್ಣು ಮಣ್ಣಾಗಿ ಬಂತೋ ಒಳಗಿನಿಂದ ಕೊರೆತ ಶುರುವಾಗಿದೆ ಎಂದೇ ಲೆಕ್ಕ. ಎಷ್ಟು ಲೀಟರ್ ಬರುತ್ತಿದೆ ಎಂಬುದರ ಜೊತೆ ಎಷ್ಟು ಕದಡಿದೆ ಎಂಬುದನ್ನೂ ಬರೆದಿಡಬೇಕು.

ಒಳ್ಳೆಯ ಸುದ್ದಿ ಒಂದಿದೆ. ಈ ಅದಿರಿನಲ್ಲಿ ಗಂಧಕದ ಖನಿಜ ಬಹಳ ಕಡಿಮೆ. ತಾಮ್ರದ, ಚಿನ್ನದ ಗಣಿಗಳ ಹೂಳಿನಲ್ಲಿ ಪೈರೈಟ್ ಇದ್ದು ಅದು ಗಾಳಿ ನೀರಿಗೆ ಸಿಕ್ಕಿ ಗಂಧಕಾಮ್ಲ ಆಗುತ್ತದೆ. ಇಲ್ಲಿ ಆ ಕಾಟ ದೊಡ್ಡದಲ್ಲ. ಇಲ್ಲಿನ ಸಮಸ್ಯೆ ವಿಷಕ್ಕಿಂತ ಹೆಚ್ಚಾಗಿ ಹೂಳಿನದೇ.

ಭದ್ರೆಯಮಗ:
"ಹೂಳಿನದೇ" ಅಂತ ಹಗುರವಾಗಿ ಹೇಳಬೇಡಿ ಸರ್. ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ, ಗಣಿಯ ಊರಿನ ಮಗ್ಗುಲಲ್ಲೇ ಭದ್ರಾ ಹರಿಯುತ್ತದೆ. ಹೂಳು ಕಲ್ಲಿನ ಸಂದಿಗಳಲ್ಲಿ ತುಂಬಿದರೆ ಮೀನು ಮೊಟ್ಟೆಯಿಡುವ ಜಾಗ ಹೋಯಿತು. ಕೆಳಗೆ ಲಕ್ಕವಳ್ಳಿಯ ಜಲಾಶಯಕ್ಕೆ ಸೇರಿದರೆ ನೀರಾವರಿಗೆ ಸಿಗುವ ನೀರೇ ಕಡಿಮೆ.

ಹಳ್ಳದದಂಡೆ:
ಹಗುರ ಮಾಡಿದ್ದಲ್ಲ ಸರ್, ಬಗೆ ಬೇರೆ ಎಂದೆ ಅಷ್ಟೇ. ನೀವು ಹೇಳಿದ್ದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ: ಹೂಳೆಲ್ಲ ಅಣೆಕಟ್ಟಿನಿಂದ ಬಂದದ್ದಲ್ಲ. ಅಣೆಕಟ್ಟು ಹಿಡಿದದ್ದು ಘಟಕದ ಹೂಳನ್ನು. ಗಣಿಯ ಬೋಳು ಮೈಯಿಂದ, ಮಣ್ಣುರಸ್ತೆಗಳಿಂದ, ಕಡಿದ ಇಳಿಜಾರಿನಿಂದ ಮಳೆ ತೊಳೆದದ್ದು ನೇರ ಹಳ್ಳಕ್ಕೆ ಹೋಗುತ್ತಿತ್ತು.

ಎಷ್ಟು ಹೋಯಿತು ಎಂಬುದರ ಮೇಲೆ ಆ ಕಾಲದಲ್ಲಿ ದೊಡ್ಡ ಜಗಳವೇ ನಡೆಯಿತು. ಇಂಥ ಜಗಳ ಹುಟ್ಟುವುದು ಮುಕ್ಕಾಲು ಪಾಲು ಅಳೆಯುವ ರೀತಿಯಿಂದ. ಮಲೆನಾಡಿನ ಹೊಳೆಯಲ್ಲಿ ವರ್ಷದ ಹೂಳಿನ ಬಹುಪಾಲು ನಾಲ್ಕಾರು ದೊಡ್ಡ ಮಳೆಗಳಲ್ಲೇ ಸಾಗಿಹೋಗುತ್ತದೆ. ದಿನಕ್ಕೊಂದು ಬಾಟಲಿ, ಬೆಳಿಗ್ಗೆ ಹತ್ತಕ್ಕೆ ತುಂಬಿಕೊಂಡು ಬಂದರೆ ರಾತ್ರಿಯ ಪ್ರವಾಹ ಲೆಕ್ಕದಲ್ಲೇ ಇರುವುದಿಲ್ಲ. ಜೊತೆಗೆ, ಪ್ರವಾಹ ಏರುವಾಗ ಒಂದು ಮಟ್ಟದಲ್ಲಿರುವ ಹೂಳು ಇಳಿಯುವಾಗ ಅದೇ ಮಟ್ಟದಲ್ಲಿ ಇರುವುದಿಲ್ಲ. ಏರುವಾಗ ದಟ್ಟ, ಇಳಿಯುವಾಗ ತೆಳು. ನೀರಿನ ಮಟ್ಟ ನೋಡಿ ಹೂಳು ಊಹಿಸುವ ಕೋಷ್ಟಕ ಒಂದೇ ಇಟ್ಟುಕೊಂಡರೆ ಒಂದು ಕಡೆ ತಪ್ಪೇ. ಪ್ರವಾಹದ ಹೊತ್ತಿನಲ್ಲಿ 15-30 ನಿಮಿಷಕ್ಕೊಮ್ಮೆ ಮಾದರಿ ತೆಗೆಯದ ಅಳತೆಯನ್ನು ಯಾವ ಪಕ್ಷದವರು ತಂದರೂ ಅನುಮಾನದಿಂದಲೇ ನೋಡಿ.

ಕೊಳವೆಮಾರ್ಗ:
ಪೈಪ್‌ಲೈನಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಕುದುರೆಮುಖದಿಂದ ಮಂಗಳೂರಿನ ಬಂದರು ಇರುವ ಪಣಂಬೂರಿಗೆ 67 ಕಿ.ಮೀ. ಅದಿರು ಹೇಗೂ ಹಿಟ್ಟಾಗಿದೆ, ಘಟ್ಟದ ರಸ್ತೆಯಲ್ಲಿ ಹಿಟ್ಟನ್ನು ಲಾರಿಯಲ್ಲಿ ಇಳಿಸುವುದು ಹುಚ್ಚು ಕೆಲಸ. ನೀರು ಬೆರೆಸಿದರೆ ಬಹುಮಟ್ಟಿಗೆ ಇಳಿಜಾರೇ ಹೊತ್ತುಕೊಂಡು ಹೋಗುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, ಇಂಥ ಸ್ಲರಿಯಲ್ಲಿ ತೂಕದ ಲೆಕ್ಕದಲ್ಲಿ 60 ಶೇಕಡಾ ಅದಿರು, 40 ಶೇಕಡಾ ನೀರು ಎಂದು ಹಿಡಿಯಿರಿ. ಕಾನ್ಸಂಟ್ರೇಟಿನ ಸಾಂದ್ರತೆ 5 ಎಂದರೆ, ಒಂದು ಲೀಟರ್ ಸ್ಲರಿ 1.92 ಕೆ.ಜಿ. ತೂಗುತ್ತದೆ. ಪ್ರತಿ 100 ಮೀಟರ್ ಇಳಿತಕ್ಕೆ ಕೊಳವೆಯೊಳಗೆ ಸುಮಾರು 19 ಬಾರ್ ಒತ್ತಡ ಸೇರುತ್ತದೆ, ಶುದ್ಧ ನೀರಾದರೆ ಅದು 10 ಬಾರ್ ಅಷ್ಟೇ. ಘಟ್ಟದ ಕೆಳಗೆ ಕವಾಟ ಮುಚ್ಚಿ ನಿಲ್ಲಿಸಿದರೆ ಆ ಒತ್ತಡವೆಲ್ಲ ಕೆಳಗಿನ ಕೊಳವೆಯ ಮೇಲೆ. ಹಾಗಾಗಿ ಕೆಳಗಿನ ತುಂಡುಗಳ ಗೋಡೆ ದಪ್ಪ ಇರಬೇಕು.

ಕೆಡುವುದು ಎಲ್ಲಿ? ವೇಗ ಕಡಿಮೆಯಾದರೆ ಅದಿರು ತಳಕ್ಕೆ ಕೂರುತ್ತದೆ, ಕೊಳವೆಯ ತಳವನ್ನೇ ಉಜ್ಜಿ ತೆಳ್ಳಗೆ ಮಾಡುತ್ತದೆ. ವೇಗ ಹೆಚ್ಚಾದರೆ ಇಡೀ ಗೋಡೆ ಸವೆಯುತ್ತದೆ. ಸೆಕೆಂಡಿಗೆ ಒಂದೂವರೆಯಿಂದ ಎರಡು ಮೀಟರ್ ನಡುವೆ ಇರಬೇಕು. 1.6 ಎಂದು ಹಿಡಿದರೆ ಘಟ್ಟದ ಮೇಲೆ ಹಾಕಿದ ಅದಿರು ಕಡಲತೀರ ಮುಟ್ಟಲು ಹನ್ನೆರಡು ಗಂಟೆಗೆ ಸ್ವಲ್ಪ ಕಡಿಮೆ. ಕಡಿದಾದ ಇಳಿಜಾರಿನಲ್ಲಿ ಇನ್ನೊಂದು ತೊಂದರೆ: ಸ್ಲರಿ ಕೊಳವೆ ತುಂಬದೆ ಜಲಪಾತದ ಹಾಗೆ ಧುಮುಕಿದರೆ, ಮತ್ತೆ ತುಂಬುವ ಜಾಗದಲ್ಲಿ ಗುದ್ದಿ ಗುದ್ದಿ ತೂತು ಮಾಡುತ್ತದೆ. ಅದಕ್ಕೆ ದಾರಿಯಲ್ಲಿ ಸೆರಾಮಿಕ್ ಒಳಪದರದ ಇಕ್ಕಟ್ಟು ಕಿಂಡಿಗಳನ್ನು ಇಟ್ಟು ಹಿಂದಿನ ಕೊಳವೆಯಲ್ಲಿ ಒತ್ತಡ ಉಳಿಸುತ್ತಾರೆ.

ವಿದ್ಯುತ್ ಹೋಗಿ ಹರಿವು ನಿಂತರೆ? ಅದಿರು ಇದ್ದಲ್ಲೇ ಕೂರುತ್ತದೆ, ಅದು ಸಹಜ. ಇಳಿಜಾರು ಹೆಚ್ಚು ಕಡಿದಾಗಿದ್ದರೆ ಕೂತ ಅದಿರು ಜಾರಿ ತಗ್ಗಿನಲ್ಲಿ ಗುಡ್ಡೆಯಾಗಿ ಬಿರಡೆ ಹಾಕಿದಂತಾಗುತ್ತದೆ. ಮಾರ್ಗದ ಇಳಿಜಾರನ್ನು ಸಾಮಾನ್ಯವಾಗಿ 12ರಿಂದ 15 ಶೇಕಡಾ ಒಳಗೆ ಇಡುವುದು ಈ ಕಾರಣಕ್ಕೆ, ಘಟ್ಟದಲ್ಲಿ ಕೊಳವೆ ಸುತ್ತಿ ಬಳಸಿ ಹೋಗುವುದೂ ಇದಕ್ಕೇ. ತುಕ್ಕು ಹಿಡಿಯದಿರಲು ಸುಣ್ಣ ಹಾಕಿ ಪಿಎಚ್ ಏರಿಸುತ್ತಾರೆ.

ಸೋಮನಕಾಡು:
ಆ ನೀರೆಲ್ಲ ಎಲ್ಲಿಂದ?

ಕೊಳವೆಮಾರ್ಗ:
ಮಲೆನಾಡಿನದೇ. 60 ಶೇಕಡಾ ಲೆಕ್ಕದಲ್ಲಿ ಟನ್ ಅದಿರಿಗೆ ಮುಕ್ಕಾಲು ಘನ ಮೀಟರಿಗೆ ಸ್ವಲ್ಪ ಕಡಿಮೆ ನೀರು. 75 ಲಕ್ಷ ಟನ್ನಿಗೆ ವರ್ಷಕ್ಕೆ 50 ಲಕ್ಷ ಘನ ಮೀಟರ್ ನೀರು ಪೂರ್ವಕ್ಕೆ ಹರಿಯಬೇಕಾದದ್ದು ಪಶ್ಚಿಮಕ್ಕೆ ಹೋಯಿತು ಅನ್ನಿ. ಪಣಂಬೂರಿನಲ್ಲಿ ಸೋಸಿ ತೆಗೆದ ಮೇಲೂ ಅದಿರಿನಲ್ಲಿ ಎಂಟೊಂಬತ್ತು ಶೇಕಡಾ ತೇವ ಉಳಿಯುತ್ತದೆ. ಹಡಗಿಗೆ ತುಂಬುವಾಗ ಅದರ ಮೇಲೆ ಕಣ್ಣಿಡಲೇಬೇಕು. ನುಣ್ಣನೆಯ ಅದಿರಿನಲ್ಲಿ ತೇವ ಮಿತಿ ಮೀರಿದರೆ ಅಲೆಯ ಅಲುಗಾಟಕ್ಕೆ ಸರಕೆಲ್ಲ ರಾಡಿಯಾಗಿ ಒಂದು ಮಗ್ಗುಲಿಗೆ ಸರಿದು ಹಡಗೇ ಮಗುಚುತ್ತದೆ.

ಕುಲುಮೆ:
ಪೆಲೆಟ್ ಬಗ್ಗೆ ಎರಡು ಮಾತು. ಹಿಟ್ಟಿನಂಥ ಕಾನ್ಸಂಟ್ರೇಟನ್ನು ಊದುಕುಲುಮೆಗೆ ಹಾಕಿದರೆ ಗಾಳಿಯೇ ಆಡುವುದಿಲ್ಲ. ಅದಕ್ಕೆ 9 ಶೇಕಡಾದಷ್ಟು ತೇವ, ಅರ್ಧದಿಂದ ಒಂದು ಶೇಕಡಾ ಬೆಂಟೋನೈಟ್ ಜೇಡಿ ಸೇರಿಸಿ, ತಿರುಗುವ ತಟ್ಟೆಯಲ್ಲಿ 8-16 ಮಿ.ಮೀ. ಉಂಡೆ ಕಟ್ಟಿ, 1,300 ಡಿಗ್ರಿಯಲ್ಲಿ ಸುಡುತ್ತಾರೆ. ತೇವ ಹೆಚ್ಚಾದರೆ ಉಂಡೆ ಒಂದಕ್ಕೊಂದು ಅಂಟುತ್ತದೆ. ಬೇಗ ಒಣಗಿಸಿದರೆ ಒಳಗಿನ ಆವಿ ಒಡೆದು ಪುಡಿ.

ಮ್ಯಾಗ್ನೆಟೈಟಿನ ಹೆಚ್ಚುಗಾರಿಕೆ ಇರುವುದು ಇಲ್ಲಿ. ಸುಡುವಾಗ ಅದು ಹೆಮಟೈಟ್ ಆಗುತ್ತದೆ, ಆಗುವಾಗ ಕೆ.ಜಿ.ಗೆ ಸುಮಾರು 500 ಕಿಲೋಜೌಲ್ ಶಾಖ ತಾನೇ ಬಿಡುತ್ತದೆ. ಅರ್ಧ ಇಂಧನ ಅದಿರೇ ಕೊಟ್ಟಂತೆ. ಗಣಿ ನಿಂತ ಮೇಲೆ ಮಂಗಳೂರಿನ ಘಟಕ ಹೊರಗಿನಿಂದ ಹೆಮಟೈಟ್ ತರಿಸಬೇಕಾಯಿತು. ಅದನ್ನು ಅಲ್ಲೇ ಅರೆಯಬೇಕು, ಸುಡಲು ಹೆಚ್ಚು ಎಣ್ಣೆ ಬೇಕು. ಘಟ್ಟದ ಮೇಲೆ ಆಗುತ್ತಿದ್ದ ಖರ್ಚೆಲ್ಲ ಕೆಳಗಿಳಿದು ಬಂತು.

ಬೆಣಚುಕಲ್ಲು:
ಗಣಿ ಮುಚ್ಚಿದ ಕ್ರಮವನ್ನು ನಾನೇ ಬರೆದುಬಿಡುತ್ತೇನೆ, ವರ್ಷಗಳು ಎಲ್ಲೆಡೆ ಕಲಸಿಕೊಂಡಿವೆ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡುವ ಮೊದಲ ಅಧಿಸೂಚನೆ. 1999ರ ಜುಲೈಗೆ ಗುತ್ತಿಗೆ ಮುಗಿಯಿತು, ಆಮೇಲೆ ತಾತ್ಕಾಲಿಕ ಅನುಮತಿಗಳ ಮೇಲೆ ಗಣಿ ನಡೆಯಿತು. 2001ರಲ್ಲಿ ಸುಮಾರು 600 ಚದರ ಕಿ.ಮೀ.ಯ ಉದ್ಯಾನಕ್ಕೆ ಅಂತಿಮ ಅಧಿಸೂಚನೆ. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು. ಗಣಿ ನಿಂತದ್ದು 2005ರ ಡಿಸೆಂಬರ್ 31ಕ್ಕೆ.

ಆ ಮೂರು ವರ್ಷದ ಅವಕಾಶಕ್ಕೂ ಷರತ್ತಿತ್ತು: ಆಗಲೇ ಅಗೆದ ಜಾಗದಲ್ಲಿ ಸವೆದ ಅದಿರು ಮಾತ್ರ. ಕಂಪನಿಗೆ ಬೇಕಿದ್ದದ್ದು ಇನ್ನೂ 20 ವರ್ಷ, ಕೆಳಗಿನ ಮೂಲ ಅದಿರು ಮತ್ತು ನೆಲ್ಲಿಬೀಡಿನ ಹೊಸ ನಿಕ್ಷೇಪ.

ಅದಿರುಪುಡಿ:
ಆ ಷರತ್ತಿನ ತೂಕ ಕಲ್ಲು ಬಲ್ಲವರಿಗೆ ಮಾತ್ರ ಗೊತ್ತಾಗುವಂಥದ್ದು. ಸವೆದ ಅದಿರು ಮೇಲಿನ ಹೊದಿಕೆ, ಅದು ಮುಗಿಯುತ್ತದೆ. ಕೆಳಗಿನ ಮೂಲ ಅದಿರು ಗಟ್ಟಿ. ಸ್ಫೋಟಕ ಹೆಚ್ಚು, ಅರೆಯುವ ವಿದ್ಯುತ್ ಹೆಚ್ಚು, ಕಬ್ಬಿಣಾಂಶ ಕಡಿಮೆ. ಬದಲಿಗೆ ಅದರಲ್ಲಿ ಮಾರ್ಟೈಟ್ ಇಲ್ಲ, ಅಯಸ್ಕಾಂತಕ್ಕೆ ಚೆನ್ನಾಗಿ ಬರುತ್ತದೆ. ಜೊತೆಗೆ ಕಂದು-ಹಸಿರು ಎಳೆಎಳೆಯ ಆಂಫಿಬೋಲ್ ಎಂಬ ಖನಿಜ ಇರುತ್ತದೆ, ಕಮಿಂಗ್ಟನೈಟ್-ಗ್ರುನರೈಟ್ ಜಾತಿಯದು. ಮೇಲಿನ ಸವೆದ ಅದಿರಿನಲ್ಲಿ ಅದು ಕೊಳೆತು ಹೋಗಿ ಹಳದಿ ಗೋಥೈಟಿನ ಕಲೆ ಮಾತ್ರ ಉಳಿದಿರುತ್ತದೆ.

ಒಂದು ಅಡ್ಡಮಾತು: ಬಾಬಾಬುಡನ್ ಗಿರಿಯ ಇಂಥದೇ ಪಟ್ಟೆಕಲ್ಲಿನಲ್ಲಿ ನೀಲಿ ಛಾಯೆಯ ಆಂಫಿಬೋಲ್ ಸಿಗುತ್ತದೆ. ಮೈಸೂರು ಇಲಾಖೆಯ ಸ್ಮೀತ್ ಅದಕ್ಕೆ ಬಾಬಾಬುಡನೈಟ್ ಎಂದೇ ಹೆಸರಿಟ್ಟಿದ್ದರು. ಈಗ ಅದನ್ನು ರೀಬೆಕೈಟ್ ಗುಂಪಿಗೆ ಸೇರಿಸಿದ್ದಾರೆ, ಹೆಸರು ಮೂಲೆಗೆ ಹೋಯಿತು.

ಪಾಠಶಾಲೆ:
ಕಾಲೇಜು ಮಕ್ಕಳಿಗೆ ಈ ಮೂರು ಕಬ್ಬಿಣದ ಖನಿಜಗಳನ್ನು ಬೇರೆ ಮಾಡಿ ತೋರಿಸಬೇಕು. ಪ್ರಯೋಗಾಲಯದ ದೊಡ್ಡ ಯಂತ್ರ ಇಲ್ಲ. ಏನು ಮಾಡಬಹುದು?

ತಕ್ಕಡಿ:
ಮೇಡಂ/ಸರ್, ಮೂರು ಪರೀಕ್ಷೆ ಸಾಕು.

ಮೊದಲು ಗೆರೆ. ಟೈಲ್ಸಿನ ಹಿಂಬದಿಯ ಒರಟು ಮೈಮೇಲೆ ಕಲ್ಲನ್ನು ಎಳೆಯಿರಿ. ಕಪ್ಪು ಗೆರೆ ಮ್ಯಾಗ್ನೆಟೈಟ್, ಕೆಂಗಂದು ಹೆಮಟೈಟ್ ಅಥವಾ ಮಾರ್ಟೈಟ್, ಹಳದಿಗಂದು ಗೋಥೈಟ್. ಬೆಣಚು ಟೈಲ್ಸಿಗಿಂತ ಗಟ್ಟಿ, ಗೀರು ಮಾತ್ರ ಬೀಳುತ್ತದೆ. ಅದನ್ನು ಬಿಳಿ ಗೆರೆ ಎಂದು ಬರೆದುಕೊಳ್ಳುವ ಮಕ್ಕಳು ಪ್ರತಿ ಸಲ ಇರುತ್ತಾರೆ.

ಎರಡನೆಯದು ಸಾಂದ್ರತೆ. ಕಲ್ಲನ್ನು ಒಂದು ದಿನ ನೀರಲ್ಲಿ ನೆನೆಸಿ, ಮೇಲಿನ ನೀರು ಒರೆಸಿ ತೂಗಿ. ಆಮೇಲೆ ದಾರದಲ್ಲಿ ಕಟ್ಟಿ ನೀರೊಳಗೆ ಮುಳುಗಿಸಿ ತೂಗಿ. ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ ಸಾಂದ್ರತೆ. ಬೆಣಚು 2.65, ಮ್ಯಾಗ್ನೆಟೈಟ್ 5.2. ಎರಡರದೇ ಮಿಶ್ರಣವಾದರೆ 3.3 ಬಂದಾಗ ಕಬ್ಬಿಣಾಂಶ ಸುಮಾರು 30 ಶೇಕಡಾ, 3.57 ಬಂದಾಗ 38. ತಾಜಾ ಕಲ್ಲಿಗೆ ಇದು ಚೆನ್ನಾಗಿ ಹೊಂದುತ್ತದೆ. ಸವೆದ ಕಲ್ಲಿನಲ್ಲಿ ಸಣ್ಣ ರಂಧ್ರ ಬಹಳ, ನೆನೆಸಿದ ನೀರೂ ತೂಕಕ್ಕೆ ಸೇರಿ ಅಂಕಿ ಕೆಳಗೆ ಬೀಳುತ್ತದೆ. ಅಂಥ ಕಲ್ಲಿಗೆ ಈ ಲೆಕ್ಕ ಹಾಕಬೇಡಿ.

ಮೂರನೆಯದು ಅಯಸ್ಕಾಂತ. 100 ಗ್ರಾಂ ಕಲ್ಲನ್ನು ಒರಳಲ್ಲಿ ಕುಟ್ಟಿ ನಯವಾದ ಮರಳಿನಷ್ಟು ಮಾಡಿ, ನೀರಿನ ಬಟ್ಟಲಿಗೆ ಹಾಕಿ. ಸ್ಪೀಕರಿನಲ್ಲಿ ಬರುವ ಕಪ್ಪು ಫೆರೈಟ್ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆಡಿಸಿ. ಅಂಟಿದ್ದನ್ನು ಇನ್ನೊಂದು ಬಟ್ಟಲಿಗೆ ಒಯ್ದು ಚೀಲದಿಂದ ಅಯಸ್ಕಾಂತ ಹೊರತೆಗೆದರೆ ಉದುರುತ್ತದೆ. ಒಣಗಿಸಿ ಎರಡನ್ನೂ ತೂಗಿ.

ಅದಿರುಪುಡಿ:
ತಕ್ಕಡಿಯವರ ಮೂರನೆಯದಕ್ಕೆ ಎರಡು ಎಚ್ಚರಿಕೆ. ನಿಯೋಡಿಮಿಯಮ್ ಅಯಸ್ಕಾಂತ ಬೇಡ. ಮಾರ್ಟೈಟಿನ ಹೊಟ್ಟೆಯಲ್ಲಿ ಚೂರು ಮ್ಯಾಗ್ನೆಟೈಟ್ ಉಳಿದಿದ್ದರೂ ಅದು ಎಳೆದುಬಿಡುತ್ತದೆ, ಎಲ್ಲವೂ ಮ್ಯಾಗ್ನೆಟೈಟ್ ಎಂದು ಕಾಣುತ್ತದೆ. ಇನ್ನೊಂದು, ಮ್ಯಾಗ್ನೆಟೈಟ್ ಕಾಳುಗಳು ಒಂದಕ್ಕೊಂದು ಅಂಟಿ ಗೊಂಚಲಾಗುವಾಗ ನಡುವೆ ಬೆಣಚು ಸಿಕ್ಕಿಕೊಳ್ಳುತ್ತದೆ. ಒಂದೇ ಸಲಕ್ಕೆ ನಿಲ್ಲಿಸಬೇಡಿ, ಅಂಟಿದ್ದನ್ನು ಹೊಸ ನೀರಲ್ಲಿ ಕದಡಿ ಮೂರು ನಾಲ್ಕು ಸಲ ಎತ್ತಿ. ದೊಡ್ಡ ಘಟಕದಲ್ಲೂ ಡ್ರಮ್‌ಗಳನ್ನು ಒಂದರ ಹಿಂದೆ ಒಂದು ಇಡುವುದು ಇದೇ ಕಾರಣಕ್ಕೆ.

ಎಷ್ಟು ತೊಳೆದರೂ ಬಿಳುಪು ಹೋಗದಿದ್ದರೆ ಅದು ಸಿಕ್ಕಿಕೊಂಡ ಬೆಣಚಲ್ಲ, ಅಂಟಿಕೊಂಡ ಬೆಣಚು. ಇನ್ನೂ ನುಣ್ಣಗೆ ಕುಟ್ಟಿ ಮತ್ತೆ ಮಾಡಿಸಿ. ಅರೆಯುವ ಗಾತ್ರ ಯಾಕೆ ಮುಖ್ಯ ಎಂಬುದು ಮಕ್ಕಳ ಕೈಗೇ ಸಿಗುತ್ತದೆ. ಎಳೆಎಳೆಯಾಗಿ ಬಿಡುವ ಕಲ್ಲು ಕಂಡರೆ ಮಾತ್ರ ಕುಟ್ಟಬೇಡಿ. ಗ್ರುನರೈಟಿನ ನಾರಿನ ರೂಪವೇ ಕಂದು ಕಲ್ನಾರು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬೇರೆ ಕಲ್ಲನ್ನೂ ಒದ್ದೆ ಮಾಡಿಯೇ ಕುಟ್ಟಿಸಿ, ಬೆಣಚಿನ ಧೂಳೂ ಸಾಧುವಲ್ಲ.

ಪಾಠಶಾಲೆ:
ತುಂಬಾ ಉಪಕಾರವಾಯಿತು. ಮಾದರಿ ಕಲ್ಲು ಕುದುರೆಮುಖದಿಂದಲೇ ತರಬಹುದೇ?

ಭದ್ರೆಯಮಗ:
ಬೇಡ. ಅದು ರಾಷ್ಟ್ರೀಯ ಉದ್ಯಾನ, ಅನುಮತಿ ಇಲ್ಲದೆ ಒಳಗೆ ಹೋಗುವುದೇ ತಪ್ಪು, ಕಲ್ಲು ಎತ್ತಿಕೊಂಡು ಬರುವುದು ದೂರದ ಮಾತು. ಚಾರಣಕ್ಕೆ ಕೊಡುವ ಚೀಟಿ ಕಲ್ಲು ತರಲು ಕೊಟ್ಟ ಚೀಟಿಯಲ್ಲ.

ಅದಿರುಪುಡಿ:
ಪಟ್ಟೆಕಲ್ಲು ಕರ್ನಾಟಕದಲ್ಲಿ ಅಪರೂಪವೇನಲ್ಲ. ಚಿತ್ರದುರ್ಗ, ಗದಗ, ಸಂಡೂರು ಕಡೆ ಅರಣ್ಯದ ಗಡಿಯ ಹೊರಗೆ ಸಿಗುತ್ತದೆ, ಜಮೀನಿನವರನ್ನು ಕೇಳಿ ತನ್ನಿ. ಹೆಚ್ಚಿನದು ಹೆಮಟೈಟ್ ಪಟ್ಟಿ, ಗೆರೆ ಕೆಂಪು ಬರುತ್ತದೆ. ಫೆರೈಟ್ ಅಯಸ್ಕಾಂತವನ್ನು ಜೇಬಲ್ಲಿಟ್ಟುಕೊಂಡು ಹೋಗಿ ಅಲ್ಲೇ ಹಿಡಿದು ನೋಡಿ. ಅಂಟುವ ಎರಡು, ಅಂಟದ ಎರಡು, ಮುಷ್ಟಿ ಗಾತ್ರದ್ದು ಸಾಕು. ಹೊರಮೈ ತುಕ್ಕುಬಣ್ಣಕ್ಕೆ ಮೋಸ ಹೋಗಬೇಡಿ, ಒಂದು ಮೂಲೆ ಒಡೆದು ತಾಜಾ ಮೈಗೇ ಗೆರೆ ಎಳೆಯಿರಿ.